ಎಳೆಗೂಸಿನ ಫೋಟೊ: ಮಗುವನ್ನು ಕಾಡದೆ ಮನೆಯಲ್ಲೇ ತೆಗೆಯುವ ಬಗೆ

ಎಣ್ಣೆ ಹಚ್ಚಿ ನೀರೆರೆದು, ಹಾಲು ಕುಡಿಸಿ, ತೇಗಿಸಿ ಮಲಗಿಸಿದ ಎಳೆಗೂಸು ಆಗ ನಿದ್ರಿಸುವಷ್ಟು ಗಾಢವಾಗಿ ದಿನದ ಬೇರೆ ಹೊತ್ತಿನಲ್ಲಿ ನಿದ್ರಿಸುವುದು ಅಪರೂಪ. ಮಗುವಿನ ಒಳ್ಳೆಯ ಚಿತ್ರಗಳು ಬೇಕೆನ್ನುವವರು ಮೊದಲು ಗುರುತು ಮಾಡಿಕೊಳ್ಳಬೇಕಾದದ್ದು ಈ ಒಂದು ಗಂಟೆಯನ್ನು. ಕ್ಯಾಮೆರಾ, ಬಟ್ಟೆ, ಹಿನ್ನೆಲೆ ಎಲ್ಲವೂ ಅನಂತರದ ಮಾತು. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧವಾದದ್ದು. ನಾಮಕರಣದ ದಿನ ನಡುಮಧ್ಯಾಹ್ನ, ಹಸಿದ ಮಗುವಿಗೆ ಜರಿಯ ಅಂಗಿ ತೊಡಿಸಿ, ಟ್ಯೂಬ್‌ಲೈಟಿನ ಕೆಳಗೆ ಹತ್ತು ಜನ ಸುತ್ತುವರಿದು, ಆಗಷ್ಟೇ ಇಟ್ಟ ಹೆಸರನ್ನು ಹತ್ತು ದಿಕ್ಕಿನಿಂದ ಕೂಗುತ್ತೇವೆ. ನಮ್ಮ ಮನೆಯ ಮೊದಲ ಮಗುವಿನ ನಾಮಕರಣದಲ್ಲಿ ತೆಗೆಸಿದ ನೂರಾರು ಫ್ಲ್ಯಾಶ್ ಚಿತ್ರಗಳಲ್ಲಿ ಮಗು ಅಳದೆ ಇರುವುದು ಮೂರರಲ್ಲೋ ನಾಲ್ಕರಲ್ಲೋ ಮಾತ್ರ. ಇಂದಿಗೂ ನಾವು ತೆಗೆದು ನೋಡುವುದು, ಅತ್ತು ಸುಸ್ತಾಗಿ ಚಿಕ್ಕಮ್ಮನ ಹೆಗಲ ಮೇಲೆ ನಿದ್ದೆಹೋದಾಗ ಯಾರೋ ಮೊಬೈಲಿನಲ್ಲಿ ಹಿಡಿದ ಒಂದೇ ಒಂದು ಚಿತ್ರವನ್ನು.

ಹುಟ್ಟಿದಂದಿನಿಂದ ಮೊದಲ ವರ್ಷದ ಕೊನೆಯವರೆಗೆ, ಕೈಯಲ್ಲಿರುವ ಮೊಬೈಲ್ ಅಥವಾ ಸಾಧಾರಣ ಕ್ಯಾಮೆರಾದಿಂದಲೇ, ಮಗುವಿನ ನಿದ್ದೆ, ಹಾಲು, ಬೆಚ್ಚಗೆ ಈ ಮೂರಕ್ಕೂ ಭಂಗ ಬಾರದಂತೆ ಚಿತ್ರ ತೆಗೆಯುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಹೊತ್ತು ಗೊತ್ತುಮಾಡಿಕೊಳ್ಳುವುದು

ನವಜಾತ ಶಿಶು ದಿನಕ್ಕೆ ಸುಮಾರು 14ರಿಂದ 17 ಗಂಟೆ ನಿದ್ರಿಸುತ್ತದೆ, ಆದರೆ ಆ ನಿದ್ದೆ ಎರಡು ಮೂರು ಗಂಟೆಗಳ ತುಂಡುಗಳಲ್ಲಿ ಹಂಚಿಹೋಗಿರುತ್ತದೆ. ಮಗು ಯಾವಾಗ ಹಾಲು ಕುಡಿಯಿತು, ಯಾವಾಗ ಮಲಗಿತು, ಯಾವಾಗ ಅತ್ತಿತು ಎಂಬುದನ್ನು ಮೂರು ದಿನ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟರೆ ಒಂದು ಲಯ ಕಾಣಿಸುತ್ತದೆ. ಮುದುಡಿ ಮಲಗಿದ, ಗರ್ಭದೊಳಗಿನ ಭಂಗಿ ಇನ್ನೂ ಬಿಡದ ಚಿತ್ರಗಳು ಬೇಕಿದ್ದರೆ ಮೊದಲ ಎರಡು ವಾರಗಳು ಸೂಕ್ತವಾದವು. ಆಮೇಲೆ ಮಗು ಕೈಕಾಲು ಚಾಚತೊಡಗುತ್ತದೆ, ನಿದ್ದೆಯೂ ಹಗುರಾಗುತ್ತದೆ. ಕಣ್ಣು ತೆರೆದ ಚಿತ್ರಗಳಿಗೆ ಬೇಕಾದದ್ದು ಮಗು ಎಚ್ಚರವಾಗಿದ್ದೂ ಶಾಂತವಾಗಿರುವ ಹೊತ್ತು. ಅದು ಹಾಲು ಕುಡಿದ ಬಳಿಕ ಕೆಲವೇ ನಿಮಿಷ ಇರುತ್ತದೆ, ಆದ್ದರಿಂದ ಉಳಿದ ಸಿದ್ಧತೆಯೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು.

ಸಂಜೆಯ ಹೊತ್ತನ್ನು ಬಿಟ್ಟುಬಿಡಿ. ಎರಡನೆಯ ವಾರದಿಂದ ಹೆಚ್ಚುತ್ತ ಹೋಗಿ ಸುಮಾರು ಆರನೆಯ ವಾರದಲ್ಲಿ ತುದಿ ಮುಟ್ಟುವ ಸಂಜೆಯ ಅಳು ಬಹುತೇಕ ಮಕ್ಕಳಲ್ಲಿ ಸಹಜ, ಮೂರು ನಾಲ್ಕು ತಿಂಗಳಾಗುವಾಗ ಅದು ತಾನಾಗಿ ತಗ್ಗುತ್ತದೆ. ನಮ್ಮ ಲಸಿಕಾ ವೇಳಾಪಟ್ಟಿಯ ಪ್ರಕಾರ 6, 10 ಮತ್ತು 14ನೆಯ ವಾರಗಳಲ್ಲಿ ಚುಚ್ಚುಮದ್ದು ಇರುವುದರಿಂದ ಆ ದಿನವನ್ನೂ ಮರುದಿನವನ್ನೂ ಮಗುವಿನ ವಿಶ್ರಾಂತಿಗೆ ಬಿಡಬೇಕು. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಅಷ್ಟರಲ್ಲಿ ಚಿತ್ರ ಸಿಗದಿದ್ದರೆ ನಾಳೆ ಇದ್ದೇ ಇದೆ. ಸ್ಟುಡಿಯೋಗೆ ಹೋಗುವವರಿಗೆ ಇಲ್ಲದ, ಮನೆಯಲ್ಲೇ ತೆಗೆಯುವವರಿಗೆ ಮಾತ್ರ ಇರುವ ಅನುಕೂಲ ಇದು.

ನಾಮಕರಣಕ್ಕೋ ಮೂರು ತಿಂಗಳಿಗೋ ಮುಂಚೆ ಮಗುವಿನ ಫೋಟೊ ತೆಗೆಯಬಾರದೆಂಬ ರೂಢಿ ಕೆಲವು ಮನೆಗಳಲ್ಲಿದೆ. ಅಂಥಲ್ಲಿ ವಾದಕ್ಕೆ ಇಳಿಯುವುದು ಬೇಡ. ಮುಖ ಕಾಣದಂತೆ ಅಂಗಾಲು, ಅಮ್ಮನ ಬೆರಳನ್ನು ಹಿಡಿದ ಮುಷ್ಟಿ, ನೆತ್ತಿಯ ಕೂದಲು ಇವನ್ನು ತೆಗೆಯಲು ಹಿರಿಯರು ಬಹುಮಟ್ಟಿಗೆ ಒಪ್ಪುತ್ತಾರೆ, ಆ ವಯಸ್ಸಿನ ಅತ್ಯಂತ ಚಂದದ ಚಿತ್ರಗಳೂ ಅವೇ ಆಗಿರುತ್ತವೆ.

ಎರಡನೆಯ ಹೆಜ್ಜೆ: ಕಿಟಕಿಯ ಬೆಳಕು

ಮಗುವಿನ ಚಿತ್ರಕ್ಕೆ ಕಿಟಕಿಯಿಂದ ಬರುವ ಹಗಲಿನ ಬೆಳಕಿಗಿಂತ ಮಿಗಿಲಾದ ದೀಪವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಣ್ಣನೆಯ ಗಾಳಿ ಸೋಕದಿರಲೆಂದು ಬಾಣಂತಿಯ ಕೋಣೆಯನ್ನು ಕತ್ತಲಾಗಿಡುವ ಪದ್ಧತಿ ನಮ್ಮಲ್ಲಿರುವುದರಿಂದ, ಬಾಣಂತಿಗೆ ಹೇಳಿ ಒಪ್ಪಿಸಿ, ಪರದೆಯನ್ನಷ್ಟೇ ಸರಿಸಿ ಗಾಜಿನ ಬಾಗಿಲನ್ನು ಮುಚ್ಚಿಯೇ ಇಡಬಹುದು. ಬೇಕಾದದ್ದು ಬೆಳಕು, ಗಾಳಿಯಲ್ಲ. ಬಿಸಿಲು ನೇರವಾಗಿ ಒಳಗೆ ಬೀಳದ ಉತ್ತರದ ಕಿಟಕಿ ದಿನವಿಡೀ ಒಂದೇ ಹದದ ಬೆಳಕನ್ನು ಕೊಡುತ್ತದೆ. ಬೇರೆ ದಿಕ್ಕಿನ ಕಿಟಕಿಯಲ್ಲಿ ಬಿಸಿಲು ಚುಚ್ಚುವಂತಿದ್ದರೆ ತೆಳ್ಳನೆಯ ಬಿಳಿ ಪಂಚೆಯನ್ನು ಅಡ್ಡ ಕಟ್ಟಿದರೆ ಅದು ಬೆಳದಿಂಗಳಿನಂತೆ ಮೃದುವಾಗುತ್ತದೆ.

ಹಾಸಿಗೆಯನ್ನು ಕಿಟಕಿಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ನೆಲದ ಮೇಲೆಯೇ ಹಾಸಿ. ಮಗುವಿನ ತಲೆ ಕಿಟಕಿಯ ಕಡೆಗೆ ತುಸು ಓರೆಯಾಗಿ ಇರಲಿ, ಕಾಲು ಒಳಗಿನ ಕಡೆಗೆ ಇರಲಿ. ಹೀಗೆ ಮಲಗಿಸಿದಾಗ ಬೆಳಕು ಹಣೆಯಿಂದ ಗಲ್ಲದ ಕಡೆಗೆ ಇಳಿಯುತ್ತದೆ, ಮೂಗಿನ ಕೆಳಗೆ ಚಿಕ್ಕದೊಂದು ನೆರಳು ಬೀಳುತ್ತದೆ, ಮುಖದ ದುಂಡು ಎದ್ದು ಕಾಣುತ್ತದೆ. ಕಾಲಿನ ಕಡೆಯಿಂದ ಬೆಳಕು ಬಂದರೆ ನೆರಳುಗಳು ಮೇಲ್ಮುಖವಾಗಿ, ಗಲ್ಲದ ಕೆಳಗೆ ದೀಪ ಹಿಡಿದು ಹೆದರಿಸುವವರ ಮುಖದಂತೆ ಕಾಣುತ್ತದೆ. ಇದನ್ನು ಮಗುವಿನ ಮೇಲೆ ಪ್ರಯೋಗಿಸಿ ಕಲಿಯಬೇಕಾಗಿಲ್ಲ. ಹಿಂದಿನ ದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಒಂದು ಗೊಂಬೆಯನ್ನೋ ಸುಲಿದ ತೆಂಗಿನಕಾಯಿಯನ್ನೋ ಇಟ್ಟು, ಸುತ್ತ ತಿರುಗಿಸಿ, ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡರೆ ಮರುದಿನದ ಅರ್ಧ ಕೆಲಸ ಮುಗಿದಂತೆ.

ಕಿಟಕಿಗೆ ಎದುರಾದ ಬದಿ ತೀರ ಕಪ್ಪಾಗಿ ಕಂಡರೆ ಅಲ್ಲಿ ಬಿಳಿ ಹೊದಿಕೆಯನ್ನೋ ಥರ್ಮೋಕೋಲ್ ಹಲಗೆಯನ್ನೋ ನಿಲ್ಲಿಸಿ. ಬೆಳಕು ಅದಕ್ಕೆ ತಾಗಿ ಹಿಂದಿರುಗಿ ನೆರಳನ್ನು ತಿಳಿಗೊಳಿಸುತ್ತದೆ. ಕೋಣೆಯ ವಿದ್ಯುದ್ದೀಪಗಳನ್ನು ಆರಿಸಿಬಿಡಿ. ಹಗಲಿನ ಬೆಳಕಿಗೂ ದೀಪದ ಬೆಳಕಿಗೂ ಬಣ್ಣ ಬೇರೆಯಾದ್ದರಿಂದ ಎರಡೂ ಬೆರೆತರೆ ಮಗುವಿನ ಒಂದು ಕೆನ್ನೆ ನೀಲಿಯಾಗಿ, ಇನ್ನೊಂದು ಹಳದಿಯಾಗಿ ಕಾಣುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಕಷ್ಟ. ಹಸಿರು ಗೋಡೆ, ಎತ್ತಿಕೊಂಡವರ ಕೆಂಪು ಸೀರೆ ಇವುಗಳ ಬಣ್ಣವೂ ಎಳೆಯ ಚರ್ಮದ ಮೇಲೆ ಪ್ರತಿಫಲಿಸುತ್ತದೆ. ಎತ್ತಿಕೊಳ್ಳುವವರು ತಿಳಿಬಣ್ಣದ ಹತ್ತಿಬಟ್ಟೆ ಉಟ್ಟಿದ್ದರೆ ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಮಬ್ಬು ಕವಿದಿರುವಾಗ ಹಾಸಿಗೆಯನ್ನು ಕಿಟಕಿಯ ಹತ್ತಿರಕ್ಕೆ ತಂದುಕೊಳ್ಳುವುದೇ ಉಪಾಯ, ಆದರೆ ಕಿಟಕಿಯ ಸಂದಿಯಿಂದ ಶೀತಗಾಳಿ ಬರುತ್ತಿದೆಯೇ ಎಂದು ಅಂಗೈ ಹಿಡಿದು ನೋಡಿದ ಮೇಲೆ.

ಫ್ಲ್ಯಾಶ್ ಬೆಳಕಿನಿಂದ ಮಗುವಿನ ದೃಷ್ಟಿ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೂ ಅದು ಬೇಡ, ಏಕೆಂದರೆ ಮಗು ಬೆಚ್ಚುತ್ತದೆ ಮತ್ತು ಮುಖ ಚಪ್ಪಟೆಯಾಗಿ ಕಾಣುತ್ತದೆ.

ಮೂರನೆಯ ಹೆಜ್ಜೆ: ಬೆಚ್ಚಗೆ, ಬಟ್ಟೆ, ಕಾವಲಿನ ಕೈ

ಚಿತ್ರ ತೆಗೆಯುವ ಸ್ವಲ್ಪ ಮುಂಚೆ ಫ್ಯಾನ್ ನಿಲ್ಲಿಸಿ. ಎಳೆಯ ಮಕ್ಕಳ ಅಂಗೈ ಅಂಗಾಲುಗಳು ಸಹಜವಾಗಿಯೇ ತುಸು ತಣ್ಣಗಿರುವುದರಿಂದ ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ಮೈಯ ಬಿಸುಪನ್ನು ತಿಳಿಯಬೇಕು. ಮಗುವನ್ನು ಮುಟ್ಟುವವರು ಉಂಗುರ, ಕೈಗಡಿಯಾರ ತೆಗೆದಿಟ್ಟು ಸೋಪಿನಲ್ಲಿ ಕೈ ತೊಳೆದಿರಬೇಕು. ನೆಗಡಿ, ಕೆಮ್ಮು ಇರುವವರು, ಫೋಟೊ ತೆಗೆಯುವವರೇ ಆಗಿದ್ದರೂ, ಆ ದಿನ ಕೋಣೆಗೆ ಬರಬಾರದು.

ಬೆನ್ನ ಮೇಲೆ ಮಲಗಿಸಿದ ಮಗು ಇದ್ದಕ್ಕಿದ್ದಂತೆ ಎರಡೂ ಕೈ ಚಾಚಿ ಬೆಚ್ಚುವುದನ್ನು ಎಲ್ಲರೂ ನೋಡಿರುತ್ತೀರಿ. ಇದು ಹುಟ್ಟಿನಿಂದಲೇ ಬರುವ ಪ್ರತಿವರ್ತನೆ, ಕೆಲವು ತಿಂಗಳಲ್ಲಿ ಮಾಯವಾಗುತ್ತದೆ. ಮೊದಲ ವಾರಗಳಲ್ಲಿ ಹಗುರಾಗಿ ಬಟ್ಟೆ ಸುತ್ತಿದರೆ ಈ ಬೆಚ್ಚುವಿಕೆಯಿಂದ ನಿದ್ದೆ ಕೆಡುವುದಿಲ್ಲ. ಸುತ್ತುವಾಗ ಎದೆಯ ಬಳಿ ಬೆರಳು ತೂರುವಷ್ಟು ಸಡಿಲವಿರಬೇಕು, ಸೊಂಟದ ಕೆಳಗೆ ಕಾಲು ಮಡಚಿ ಅಗಲಿಸಲು ಬರುವಂತಿರಬೇಕು, ಮಗು ಮಗುಚಲು ಕಲಿಯುವ ಲಕ್ಷಣ ಕಂಡೊಡನೆ ಸುತ್ತುವುದನ್ನೇ ನಿಲ್ಲಿಸಬೇಕು. ಅಂಗಡಿಯಿಂದ ತಂದ ಹೊಸ ಬಟ್ಟೆಗಿಂತ ತಾತನ ಹಳೆಯ ಪಂಚೆಯೋ ಅಮ್ಮನ ಮೆತ್ತಗಾದ ಹತ್ತಿ ಸೀರೆಯ ತುಂಡೋ ಮೈಗೂ ಹಿತ, ಚಿತ್ರಕ್ಕೂ ಹಿತ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳಿಂದ ಹೊಲಿದ ಕೌದಿ ಇದ್ದರೆ ಅದನ್ನೇ ಕೆಳಗೆ ಹಾಸಿ. ಅದರ ಹೊಲಿಗೆಯ ಸಾಲುಗಳಿಗಿಂತ ಒಳ್ಳೆಯ ಹಿನ್ನೆಲೆಯನ್ನು ಕೊಂಡು ತರಲಾಗದು. ಜರಿ, ಮಣಿ, ಗುಂಡಿ, ಉದ್ದನೆಯ ದಾರ ಇರುವ ಉಡುಪು ಬೇಡ. ದೃಷ್ಟಿ ಬೊಟ್ಟು ಕೆನ್ನೆಗೋ ಅಂಗಾಲಿಗೋ ಇರಲಿ, ಚಿತ್ರದಲ್ಲೂ ಅದು ಶೋಭಿಸುತ್ತದೆ; ಕಣ್ಣಿನೊಳಗೆ ಮಾತ್ರ ಕಾಡಿಗೆ ಹಚ್ಚಬಾರದು, ಅದರಲ್ಲಿ ಸೀಸ ಇರುವ ಸಾಧ್ಯತೆಯುಂಟು, ಸೋಂಕೂ ತಗಲಬಹುದು.

ಗಲ್ಲವನ್ನು ಎರಡೂ ಅಂಗೈಗಳ ಮೇಲೆ ಊರಿ ಕುಳಿತಂತೆ ಮಲಗಿದ ಶಿಶುವಿನ ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ನೋಡಿ ಮನೆಯಲ್ಲಿ ಯತ್ನಿಸುವವರಿದ್ದಾರೆ. ಅಂಥ ಚಿತ್ರಗಳನ್ನು ತರಬೇತಿ ಪಡೆದವರು ಎರಡು ಬೇರೆ ಬೇರೆ ಚಿತ್ರಗಳನ್ನು ಜೋಡಿಸಿ ಮಾಡುತ್ತಾರೆ. ಎರಡರಲ್ಲೂ ಸಹಾಯಕರ ಕೈ ಮಗುವಿನ ತಲೆಯನ್ನೋ ಮುಂಗೈಯನ್ನೋ ಹಿಡಿದಿರುತ್ತದೆ, ಆ ಕೈಯನ್ನು ಆಮೇಲೆ ಅಳಿಸಿರುತ್ತಾರೆ. ಮನೆಯಲ್ಲಿ ಇದನ್ನು ದಯವಿಟ್ಟು ಮಾಡಬೇಡಿ. ಬುಟ್ಟಿ, ಕೊಳಗ, ತೂಗುವ ಬಲೆ, ಎತ್ತರದ ಮೇಜು ಇವೂ ಬೇಡ. ಮಗುವಿನ ಗಲ್ಲ ಎದೆಗೆ ಒತ್ತಿಕೊಂಡರೆ ಶ್ವಾಸದ ದಾರಿ ಮಡಚಿಕೊಳ್ಳುತ್ತದೆ; ಗಲ್ಲ ಮತ್ತು ಎದೆಯ ನಡುವೆ ಸದಾ ಜಾಗವಿರಲಿ, ಮೂಗು ಬಾಯಿಗೆ ಬಟ್ಟೆ ಅಡ್ಡ ಬರದಿರಲಿ. ಮಗು ಬೆನ್ನ ಮೇಲೆ ಮಲಗಿರಲಿ. ಒಬ್ಬರು ಚಿತ್ರ ತೆಗೆಯುವಾಗ ಇನ್ನೊಬ್ಬರ ಏಕೈಕ ಕೆಲಸ ಮಗುವಿನ ಪಕ್ಕದಲ್ಲಿ ಕೈ ಇಟ್ಟು ಕೂರುವುದು. ಮೇಲಿನಿಂದ ತೆಗೆಯುವಾಗ ಕ್ಯಾಮೆರಾದ ಪಟ್ಟಿ ಕೊರಳಲ್ಲಿರಬೇಕು, ಮೊಬೈಲಾದರೆ ಅದರ ದಾರ ಮಣಿಕಟ್ಟಿಗೆ ಸುತ್ತಿರಬೇಕು, ಇಲ್ಲವಾದರೆ ಮೇಲಿನಿಂದ ತೆಗೆಯುವುದೇ ಬೇಡ.

ಹತ್ತೊಂಬತ್ತನೆಯ ಶತಮಾನದ ಯುರೋಪು ಮತ್ತು ಅಮೆರಿಕಗಳಲ್ಲಿ, ಒಂದು ಚಿತ್ರಕ್ಕೆ ಹಲವು ಸೆಕೆಂಡುಗಳು ಅಲುಗದೆ ಇರಬೇಕಾಗಿದ್ದ ಕಾಲದಲ್ಲಿ, ತಾಯಂದಿರು ಮೈತುಂಬ ಬಟ್ಟೆ ಹೊದ್ದು ಕುರ್ಚಿಯಂತೆ ಕುಳಿತು ತೊಡೆಯ ಮೇಲೆ ಮಗುವನ್ನು ಹಿಡಿದಿರುತ್ತಿದ್ದರು. ಆ ಹಳೆಯ ಚಿತ್ರಗಳಲ್ಲಿ ಮಗುವಿನ ಹಿಂದೆ ಮುಸುಕು ಹಾಕಿದ ಆಕೃತಿಯೊಂದು ಕಾಣುತ್ತದೆ. ಇಂದು ತಾಯಿಯನ್ನು ಅಡಗಿಸುವ ಅಗತ್ಯ ಏನೇನೂ ಇಲ್ಲ. ಹಿಡಿದಿರುವ ಕೈಗಳು ಚಿತ್ರದಲ್ಲಿ ಕಾಣಲಿ. ಬಳೆ ತೊಟ್ಟ ಆ ಕೈಯ ಅಳತೆಯ ಮುಂದೆಯೇ ಮಗು ಎಷ್ಟು ಪುಟ್ಟದಿತ್ತು ಎಂಬುದು ಮುಂದೆ ನಮಗೆ ತಿಳಿಯುವುದು.

ನಾಲ್ಕನೆಯ ಹೆಜ್ಜೆ: ಮೊಬೈಲ್ ಮತ್ತು ಕ್ಯಾಮೆರಾದ ಹೊಂದಾಣಿಕೆ

ಮಗುವಿಗೆ ಎಣ್ಣೆ ಹಚ್ಚುವ ಮನೆಯಲ್ಲಿ ಮೊಬೈಲಿನ ಲೆನ್ಸಿನ ಮೇಲೆ ಎಣ್ಣೆಬೆರಳಿನ ಗುರುತು ಇದ್ದೇ ಇರುತ್ತದೆ, ಚಿತ್ರ ಮಂಜಾಗಲು ಬಹಳ ಸಲ ಅದೊಂದೇ ಕಾರಣ. ಮೆತ್ತನೆಯ ಬಟ್ಟೆಯಿಂದ ಒರೆಸಿ. ಶಟರ್ ಸದ್ದನ್ನೂ ಕರೆಯ ಗಂಟೆಯನ್ನೂ ನಿಲ್ಲಿಸಿ. ಫಿಲ್ಟರ್, ಬ್ಯೂಟಿ ಮೋಡ್ ಬಳಸಬೇಡಿ. ಅವು ಎಳೆಯ ಚರ್ಮದ ಸೂಕ್ಷ್ಮ ನವಿರನ್ನು ಅಳಿಸಿ, ಮೈಬಣ್ಣವನ್ನು ಬಿಳಿಚಿಸುತ್ತವೆ. ಮಗುವಿನ ಬಣ್ಣವನ್ನು ತಿದ್ದುವ ಹಕ್ಕು ಯಾವ ಯಂತ್ರಕ್ಕೂ ಇಲ್ಲವೆಂದು ನಾನು ನಂಬಿದ್ದೇನೆ.

ಮೊಬೈಲನ್ನು ಮುಖಕ್ಕೆ ತೀರ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿಯೂ ಕಿವಿ ಚಿಕ್ಕದಾಗಿಯೂ ಕಾಣುತ್ತದೆ. ಮೂರು ನಾಲ್ಕು ಅಡಿ ಹಿಂದೆ ಸರಿದು, ಎರಡು ಪಟ್ಟು ಹತ್ತಿರ ತೋರಿಸುವ 2ಎಕ್ಸ್ ಲೆನ್ಸ್ ಬಳಸಿ. ಮಗುವಿನ ಹತ್ತಿರದ ಕಣ್ಣಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಬಹುತೇಕ ಫೋನ್‌ಗಳಲ್ಲಿ ಫೋಕಸ್ ಅಲ್ಲೇ ನಿಲ್ಲುತ್ತದೆ, ಆಮೇಲೆ ಬೆರಳನ್ನು ಮೇಲೆ ಕೆಳಗೆ ಸರಿಸಿ ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದು. ಬಿಳಿ ಬಟ್ಟೆಯ ಮೇಲೆ ಮಲಗಿದ ಮಗುವಿನ ಚಿತ್ರ ಮಂಕಾಗಿ ಬರುವುದು ಸಾಮಾನ್ಯ, ಏಕೆಂದರೆ ಅಷ್ಟೊಂದು ಬಿಳುಪನ್ನು ಕಂಡ ಯಂತ್ರ ಬೆಳಕು ಹೆಚ್ಚಾಯಿತೆಂದು ತಪ್ಪು ತಿಳಿದು ಚಿತ್ರವನ್ನು ಕಪ್ಪಾಗಿಸುತ್ತದೆ. ಆಗ ಬೆಳಕನ್ನು ತುಸು ಏರಿಸಬೇಕು. ಕಡುಬಣ್ಣದ ಕೌದಿಯ ಮೇಲೆ ಇದರ ವಿರುದ್ಧ ಮಾಡಬೇಕು. ನೈಟ್ ಮೋಡ್ ಬೇಡ, ಅದು ಹೆಚ್ಚು ಹೊತ್ತು ಬೆಳಕು ತೆಗೆದುಕೊಳ್ಳುವುದರಿಂದ ಅಲುಗುವ ಕೈಕಾಲು ಕಲಸಿಹೋಗುತ್ತದೆ.

ಕ್ಯಾಮೆರಾ ಇರುವವರಿಗೆ 50 ಮಿ.ಮೀ. ಲೆನ್ಸ್ ಸಾಕು. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯಾದ ಅಪರ್ಚರನ್ನು ಎಫ್ 1.8ರಷ್ಟು ಅಗಲವಾಗಿಟ್ಟರೆ ಹತ್ತಿರದಿಂದ ತೆಗೆಯುವಾಗ ಒಂದು ಕಣ್ಣು ಸ್ಪಷ್ಟವಾಗಿ, ಇನ್ನೊಂದು ಮಸುಕಾಗಿ ಬರಬಹುದು; ಎಫ್ 2.8ರಿಂದ 4ರವರೆಗೆ ಹದವಾಗಿರುತ್ತದೆ. ಮಲಗಿದ ಮಗುವಿಗೆ ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತು, 1/125 ಸೆಕೆಂಡು, ಕೈಕಾಲು ಆಡಿಸುವ ಮಗುವಿಗೆ 1/250, ಅಂಬೆಗಾಲಿಡುವ ಮಗುವಿಗೆ 1/500 ಇರಲಿ. ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯಾದ ಐಎಸ್ಒ 800 ಅಥವಾ 1600ಕ್ಕೆ ಏರಿದರೂ ಚಿಂತೆಯಿಲ್ಲ, ಸ್ವಲ್ಪ ಕಾಳುಕಾಳಾದ ಚಿತ್ರ ಅಲುಗಿದ ಚಿತ್ರಕ್ಕಿಂತ ಮೇಲು. ವಿದ್ಯುದ್ದೀಪದ ಬೆಳಕಿನಲ್ಲೇ ತೆಗೆಯಬೇಕಾಗಿ ಬಂದಾಗ ಚಿತ್ರದ ಮೇಲೆ ಅಡ್ಡಪಟ್ಟಿಗಳು ಮೂಡಬಹುದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದಾದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರನ್ನು 1/100ಕ್ಕೋ 1/50ಕ್ಕೋ ಇಳಿಸಿದರೆ ಪಟ್ಟಿಗಳು ಹೋಗುತ್ತವೆ.

ಐದನೆಯ ಹೆಜ್ಜೆ: ವಯಸ್ಸಿಗೆ ತಕ್ಕ ಆಟ

ಮೊದಲ ತಿಂಗಳಲ್ಲಿ ಮಗುವಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ, ಅಂದರೆ ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ದೂರದಿಂದ ಗಿಲಕಿ ಆಡಿಸಿ "ಇಲ್ಲಿ ನೋಡು" ಎಂದರೆ ಅದಕ್ಕೆ ಸ್ಪಷ್ಟವಾಗಿ ಏನೂ ಕಾಣುವುದಿಲ್ಲ. ಅಮ್ಮ ಹತ್ತಿರ ಬಾಗಿ ಮೆಲ್ಲಗೆ ಮಾತಾಡಲಿ, ನೀವು ಅಮ್ಮನ ಕಿವಿಯ ಪಕ್ಕದಿಂದ ತೆಗೆಯಿರಿ. ಆರರಿಂದ ಎಂಟು ವಾರಗಳಲ್ಲಿ ಮುಖ ಗುರುತಿಸಿ ನಗುವ ನಗು ಬರುತ್ತದೆ. ಆ ನಗು ತುಸು ತಡವಾಗಿ ಅರಳುತ್ತದೆ. ಮಾತಾಡಿ, ನಿಲ್ಲಿಸಿ, ಕಾಯಬೇಕು. ಕಾಯದೆ ಮತ್ತೆ ಮತ್ತೆ ಚಪ್ಪಾಳೆ ತಟ್ಟಿದರೆ ಮಗು ಮುಖ ತಿರುಗಿಸುತ್ತದೆ. ಮುಖ ತಿರುಗಿಸುವುದು, ಆಕಳಿಸುವುದು, ಬೆರಳುಗಳನ್ನು ಅಗಲಿಸುವುದು ಎಲ್ಲವೂ "ಸಾಕು" ಎಂದು ಮಗು ಹೇಳುವ ರೀತಿ. ಆ ಮಾತನ್ನು ಕೇಳಿಸಿಕೊಂಡು ಕ್ಯಾಮೆರಾ ಕೆಳಗಿಟ್ಟರೆ ಅಳುವಿನವರೆಗೆ ಹೋಗುವುದೇ ಇಲ್ಲ.

ಮೂರು ನಾಲ್ಕು ತಿಂಗಳಲ್ಲಿ ಕತ್ತು ನಿಲ್ಲುತ್ತದೆ. ಬೋರಲು ಮಲಗಿಸಿದಾಗ ತಲೆಯೆತ್ತಿ ನೋಡುವ ಚಿತ್ರಕ್ಕೆ ಇದು ಸಮಯ, ಮಗು ಎಚ್ಚರವಾಗಿದ್ದು ನಿಮ್ಮ ಕಣ್ಣೆದುರಿಗೇ ಇರುವಾಗ ಮಾತ್ರ. ನೀವೂ ನೆಲದ ಮೇಲೆ ಬೋರಲಾಗಿ ಮಲಗಿ ಲೆನ್ಸನ್ನು ಅದರ ಕಣ್ಣಿನ ಮಟ್ಟಕ್ಕೆ ತನ್ನಿ. ನಿಂತಲ್ಲಿಂದ ಬಾಗಿ ತೆಗೆದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮೊದಲ ಸಲಕ್ಕೇ ತಿಳಿಯುತ್ತದೆ. ಆರು ತಿಂಗಳ ಸುಮಾರಿಗೆ ಕೂರಲು ಕಲಿತ ಮಗು ನನಗೆ ಅತ್ಯಂತ ಪ್ರಿಯವಾದ ವಿಷಯ: ಕುಳಿತ ಕಡೆಯೇ ಇರುತ್ತದೆ, ಎಲ್ಲದಕ್ಕೂ ನಗುತ್ತದೆ, ಚನ್ನಪಟ್ಟಣದ ಮರದ ಗಿಲಕಿಯೊಂದನ್ನು ಕೊಟ್ಟರೆ ಹತ್ತು ನಿಮಿಷ ಅದರಲ್ಲೇ ಮುಳುಗಿರುತ್ತದೆ. ಹಿಂದೆ ಮತ್ತು ಪಕ್ಕಗಳಲ್ಲಿ ಮೆತ್ತನೆಯ ಹಾಸು ಇರಲಿ, ಯಾರಾದರೂ ಕೈಗೆಟಕುವಷ್ಟು ಹತ್ತಿರ ಕುಳಿತಿರಲಿ. ಅನ್ನಪ್ರಾಶನದ ದಿನ ಮೊದಲ ತುತ್ತಿಗೆ ಮುಖ ಕಿವಿಚುವುದನ್ನು ಹಿಡಿಯಬೇಕಿದ್ದರೆ ಉಣಿಸುವವರ ಎಡಕ್ಕೋ ಬಲಕ್ಕೋ ಮೊದಲೇ ಜಾಗ ಹಿಡಿದು, ತುತ್ತು ಬಾಯಿಗೆ ಹೋಗುವ ಮುನ್ನವೇ ಸತತವಾಗಿ ಚಿತ್ರ ತೆಗೆಯಲು ಆರಂಭಿಸಬೇಕು.

ಎಂಟು ಒಂಬತ್ತು ತಿಂಗಳಲ್ಲಿ ಹೊಸಬರನ್ನು ಕಂಡು ಅಳುವುದು ಶುರುವಾಗುತ್ತದೆ. ಫೋಟೊ ತೆಗೆಯುವವರು ಹೊರಗಿನವರಾಗಿದ್ದರೆ ಮೊದಲ ಅರ್ಧ ಗಂಟೆ ಮಗುವಿನ ಕಡೆ ನೋಡದೆ ಮನೆಯವರೊಂದಿಗೆ ಮಾತಾಡುತ್ತ ಕುಳಿತಿರುವುದೇ ಸರಿಯಾದ ಕ್ರಮ. ಮಗು ತಾನೇ ತೆವಳಿಕೊಂಡು ಬಂದು ಕ್ಯಾಮೆರಾದ ಪಟ್ಟಿ ಎಳೆಯುತ್ತದೆ. ಸೆರಗಿನಲ್ಲಿ ಮುಖ ಮುಚ್ಚಿ ತೆರೆಯುವ ಆಟಕ್ಕೆ ಈ ವಯಸ್ಸಿನಲ್ಲಿ ಸೋಲದ ಮಗುವಿಲ್ಲ. ಆಟ ಆಡುವವರು ಲೆನ್ಸಿನ ನೇರ ಹಿಂದೆ ಇರಬೇಕು ಅಷ್ಟೆ, ಪಕ್ಕದಲ್ಲಿದ್ದರೆ ಮಗು ಪಕ್ಕಕ್ಕೆ ನೋಡುತ್ತದೆ.

ಪಾಸ್‌ಪೋರ್ಟಿನ ಚಿತ್ರ

ಭಾರತದ ಪಾಸ್‌ಪೋರ್ಟಿಗೆ 4 ವರ್ಷದೊಳಗಿನ ಮಕ್ಕಳ ಚಿತ್ರವನ್ನು ನಾವೇ ಒಯ್ಯಬೇಕು: ಬಿಳಿ ಹಿನ್ನೆಲೆ, 4.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಅಗಲ. ಸುಕ್ಕಿಲ್ಲದ ಬಿಳಿ ಹೊದಿಕೆಯ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಎರಡೂ ಬದಿಯಿಂದ ಬೆಳಕು ಸಮವಾಗಿ ಬೀಳುವಂತೆ ಒಂದು ಬದಿ ಕಿಟಕಿ, ಇನ್ನೊಂದು ಬದಿ ಬಿಳಿ ಹಲಗೆ ಇಟ್ಟು, ಮುಖದ ನೇರ ಮೇಲಿನಿಂದ ತೆಗೆಯಿರಿ. ಟೋಪಿ, ಆಟಿಕೆ, ಹಿಡಿದವರ ಕೈ ಕಾಣಬಾರದು, ಬಿಳಿ ಅಂಗಿ ಹಿನ್ನೆಲೆಯಲ್ಲಿ ಕರಗಿಹೋಗುವುದರಿಂದ ಬಣ್ಣದ ಅಂಗಿ ತೊಡಿಸಬೇಕು. ವಿದೇಶದಲ್ಲಿ ಹುಟ್ಟಿದ ಮಕ್ಕಳ ವಿಷಯದಲ್ಲಿ ಆಯಾ ದೇಶದ ನಿಯಮ ಬೇರೆ: ಅಮೆರಿಕದ ಪಾಸ್‌ಪೋರ್ಟಿಗೆ 2 ಅಂಗುಲ ಚೌಕದ ಚಿತ್ರ ಬೇಕು, ಬ್ರಿಟನ್ನಿನಲ್ಲಿ ಒಂದು ವರ್ಷದೊಳಗಿನ ಮಗುವಿನ ಕಣ್ಣು ತೆರೆದಿರಲೇಬೇಕೆಂಬ ಕಡ್ಡಾಯವಿಲ್ಲ.

ಕೊನೆಯ ಹೆಜ್ಜೆ: ಆಯ್ಕೆ, ಸಂಗ್ರಹ, ಹಂಚಿಕೆ

ಅದೇ ರಾತ್ರಿ ಕುಳಿತು ನೂರರಲ್ಲಿ ಐದನ್ನು ಆರಿಸಿ, ಉಳಿದವನ್ನು ಅಳಿಸಿ. ಮುಂದೂಡಿದರೆ ಆ ಕೆಲಸ ಎಂದೂ ಆಗುವುದಿಲ್ಲ. ಫೋನಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯ ಹೊರಗೆ ಅಥವಾ ಕ್ಲೌಡ್‌ನಲ್ಲಿ ಒಂದು ಪ್ರತಿ ಇರಲಿ. ವಾಟ್ಸ್ಆ್ಯಪ್ಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲದಂತೆಯೇ ತಲುಪುತ್ತದೆ. ನೀರೆರೆಯುವ, ಬಟ್ಟೆಯಿಲ್ಲದ ಚಿತ್ರಗಳು ಮನೆಯ ಆಲ್ಬಮಿನಲ್ಲಿ ಮಾತ್ರ ಇರಬೇಕು, ಸಾಮಾಜಿಕ ಜಾಲತಾಣಕ್ಕೆ ಹೋಗಬಾರದು. ಬೇಡವೆನ್ನಲು ಮಗುವಿಗೆ ಇನ್ನೂ ಮಾತು ಬಂದಿಲ್ಲ. ಆಸ್ಪತ್ರೆಯ ಕೈಪಟ್ಟಿ, ಮನೆಯ ವಿಳಾಸ ಕಾಣುವ ಚಿತ್ರಗಳ ವಿಷಯದಲ್ಲೂ ಇದೇ ಎಚ್ಚರ ಬೇಕು.

ಆರಿಸುವಾಗ ಒಂದು ಸಂಗತಿಯನ್ನು ಗಮನಿಸಿ. ಬಂಧುಗಳು ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ಮಗುವಿನ ಎರಡೂ ಕಣ್ಣಿನ ಪಾಪೆ ಕೆಂಪಾಗಿ ಹೊಳೆಯುವುದು ಸಹಜ. ಒಂದು ಕಣ್ಣಿನ ಪಾಪೆ ಬಿಳಿಯಾಗಿಯೋ ಹಳದಿಯಾಗಿಯೋ ಹೊಳೆದರೆ ಕೂಡಲೇ ನೇತ್ರತಜ್ಞರಿಗೆ ತೋರಿಸಬೇಕು. ಬೆಳಕು ಬಿದ್ದ ಕೋನದಿಂದಲೂ ಹಾಗೆ ಕಾಣಬಹುದು, ಆದರೆ ಐದು ವರ್ಷದೊಳಗಿನ ಮಕ್ಕಳಲ್ಲೇ ಹೆಚ್ಚಾಗಿ ಬರುವ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರಿನ ಮೊದಲ ಗುರುತೂ ಅದೇ ಆಗಿರಬಹುದು, ಬೇಗ ಪತ್ತೆಯಾದರೆ ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಆರಿಸಿದ ಐದರಲ್ಲಿ ಒಂದನ್ನಾದರೂ ಪ್ರತಿ ತಿಂಗಳು ಕಾಗದದ ಮೇಲೆ ಮುದ್ರಿಸಿ. 4×6 ಅಂಗುಲದ ಪ್ರತಿಗೆ 1200×1800 ಪಿಕ್ಸೆಲ್ ಸಾಕು, ಇಂದಿನ ಯಾವ ಫೋನಿನ ಚಿತ್ರವೂ ಅದಕ್ಕಿಂತ ದೊಡ್ಡದಿರುತ್ತದೆ. ಹಿಂಬದಿಯಲ್ಲಿ ಹಗುರಾಗಿ ದಿನಾಂಕ, ಅಂದಿನ ತೂಕ, ಮತ್ತು ಚಿತ್ರದಲ್ಲಿ ಕೈ ಮಾತ್ರ ಕಾಣುತ್ತಿರುವ ಅಜ್ಜಿಯ ಹೆಸರನ್ನು ಬರೆದಿಡಿ.